ಉಂಡ್ಯಾ ಎಂದು ಕೇಳದ ವರ್ಷ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕದ್ದು ಆಮೇಲೆ. ನಮ್ಮ ಭಾಗ್ಯಾಗೆ ಇನ್ನು ಸಲೈನ್ ಇಲ್ಲ. ಇವತ್ತು ಮುಂಜಾನೆ ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರ್ ಬಾಯಿಯವರು ಹೊಸ ಸ್ಕ್ಯಾನನ್ನು ನೋಡಿ, ಅವಳ ಕುತ್ತಿಗೆಯನ್ನು ಎರಡೂ ಬದಿಗೆ ಬೆರಳಿನಿಂದ ಒತ್ತಿ ನೋಡಿ, "ಗಂಟು ಎಲ್ಲೂ ಉಳಿದಿಲ್ಲ. ಇನ್ನ ಬರೇ ತೋರಿಸಿಕೊಂಡು ಹೋಗ್ಲಿಕ್ಕೆ ಬರ್ರಿ" ಎಂದರು. ನನ್ನ ಮೊಮ್ಮಗಳು ಕ್ಯಾನ್ಸರನ್ನು ಮನೆಯಿಂದ ಹೊರಗೆ ಹಾಕಿದ್ದಾಳೆ. ಮೆಟ್ಟಿಲು ಇಳಿಯುವಾಗ ಗುರ್ತಿಲ್ಲದ ನಾಲ್ಕು ಮಂದಿಗೆ ಹೇಳಿದೆ. ಆಟೋದವನಿಗೆ ಹೇಳಿದೆ. ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅವನು ಪೂರ್ತಿ ಕೇಳಿ, "ಭಾಳ ಛಲೋ ಆತಲ್ರಿ ಮುತ್ಯಾ. ಈಗ ಟಿಕೆಟ್ ತಗೋರಿ" ಎಂದ.

ನಮ್ಮೂರು ಕಮಲಾಪುರದಲ್ಲಿ ಬಸ್ಸು ಇಳಿದಾಗ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಯಾರೋ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಿದ್ದರು. ಆ ವಾಸನೆ ಬಂದ ಕೂಡಲೇ ನನ್ನ ಕೈ ಅಂಗಿಯ ಕಿಸೆಯಲ್ಲಿದ್ದ ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು, ಕಣ್ಣು ಭಾಗ್ಯಾಳ ಮುಖಕ್ಕೆ ಹೋಯಿತು. ಅವಳು ನಡೆಯುತ್ತಲೇ ಇದ್ದಳು.

"ಏನ್ ನೋಡ್ಲಕತ್ತಿ ಮುತ್ಯಾ? ನನಗೇನಾಗಿಲ್ಲ."

ಅವಳಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಒಂದು ಇಡೀ ವರ್ಷ ಆ ವಾಸನೆಯ ಜೊತೆ ಎದ್ದು ಬಂತು.

ಬಸ್ ನಿಲ್ದಾಣದ ಎದುರಿಗೆ ನನ್ನ ಬಂಡಿ. ಮಂಡಾಳು, ಅಂದರೆ ಮಂಡಕ್ಕಿ, ನೆನೆಸಿ ಒಗ್ಗರಣೆ ಕೊಟ್ಟ ಸುಸಲಾ, ಅದರ ಮೇಲೆ ಬಿಸಿ ಮಿರ್ಚಿ ಭಜಿ. ಹುಮನಾಬಾದ್ ಕಡೆ ಹೋಗುವ ಲಾರಿಯವರು, ಸಾಲಿಯ ಮಾಸ್ತರರು, ಕೋರ್ಟಿಗೆ ಹೊರಟ ಜಗಳದ ಎರಡೂ ಪಾರ್ಟಿಯವರು, ಎಲ್ಲರೂ ನನ್ನ ಬಾಣಲೆಯ ಮುಂದೆ ನಿಂತವರೇ. ಸಾಲಿ ನನಗೆ ಹತ್ತಲಿಲ್ಲ, ಎಣ್ಣೆ ಹತ್ತಿತು. ಮನೆಯಲ್ಲಿ ನನ್ನ ಹೆಂಡತಿ ಗುರುಬಾಯಿ, ಗೂಡ್ಸ್ ಆಟೋ ಓಡಿಸುವ ಮಗ ಶರಣು, ಸೊಸೆ ಸುವರ್ಣಾ, ಅವರ ಒಬ್ಬಳೇ ಮಗಳು ಭಾಗ್ಯಾ. ಸಣ್ಣವಳಿದ್ದಾಗ ನನ್ನ ಹೆಗಲ ಮೇಲೆ ಮೂಗು ಒತ್ತಿ, "ಮುತ್ಯಾ ಭಜಿ ಆಗ್ಯಾನ" ಎನ್ನುತ್ತಾ ನಿದ್ದೆ ಹೋಗುತ್ತಿದ್ದಳು. ದೊಡ್ಡವಳಾಗಿ ಕಲಬುರಗಿಗೆ ಡಿಗ್ರಿ ಓದಲು ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದಳು.

ಹೋದ ವರ್ಷ ತೊಗರಿ ಬಿತ್ತುವ ಮಳೆಯಲ್ಲಿ ಅವಳ ಕುತ್ತಿಗೆಯಲ್ಲಿ ಗಂಟು ಕಂಡಿತು. ಕಡಲೆಕಾಳಿನಷ್ಟು ಇದ್ದದ್ದು ಮಳೆ ಮುಗಿಯುವಷ್ಟರಲ್ಲಿ ಅಡಿಕೆಯಷ್ಟಾಯಿತು, ಪಕ್ಕದಲ್ಲಿ ಇನ್ನೊಂದು ಹುಟ್ಟಿತು. ತುಂಡು ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರ್ ಬಾಯಿ ನಮ್ಮನ್ನೆಲ್ಲ ಕೂಡಿಸಿ ಹೇಳಿದರು: "ಇದು ಕ್ಯಾನ್ಸರ್ ಅದ. ಖರೆ, ವಾಸಿ ಆಗೋ ಕ್ಯಾನ್ಸರ್ ಅದ. ಸಲೈನಿನ್ಯಾಗ ಔಷಧ ಬಿಡ್ತೀವಿ, ಆರು ತಿಂಗಳು, ಹದಿನೈದು ದಿನಕ್ಕೊಮ್ಮಿ. ನಡುವ ಬಿಟ್ರ ಮಾತ್ರ ಗಂಟು ಮತ್ತ ಹುಟ್ತಾವ. ಆಗ ಈಗಿನಷ್ಟು ಸಸಾರ ಇರಂಗಿಲ್ಲ." ನಾನು ಅಷ್ಟನ್ನೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ನಡುವೆ ಬಿಡಬಾರದು.

ದಸರಾ ಮುಗಿದ ಮೇಲೆ ಮೊದಲ ಸಲೈನ್. ನಮ್ಮ ಮನೆಯಿಂದ ಯಾರೂ ಹಸಿದ ಹೊಟ್ಟೆಯಲ್ಲಿ ದಾರಿ ಹಿಡಿದದ್ದಿಲ್ಲ. ಪರೀಕ್ಷೆಗೆ ಹೋಗುವವರಿಗೆ ಮಾಡುವ ಹಾಗೆ ಗುರುಬಾಯಿ ನಸುಕಿನಲ್ಲೇ ಎದ್ದು ಭಾಗ್ಯಾಗೆ ಇಷ್ಟವೆಂದು ಶೇಂಗಾ ಹೋಳಿಗೆ ತಟ್ಟಿ, ತುಪ್ಪ ಸುರಿದು, ಎದುರಿಗೆ ಕೂತು ತಿನ್ನಿಸಿದಳು. ನಾನು ಬಂಡಿಯಿಂದ ನಾಲ್ಕು ಮಿರ್ಚಿ ತಂದು ಕೊಟ್ಟೆ. ದವಾಖಾನೆಯಲ್ಲಿ ಔಷಧಕ್ಕಿಂತ ಮೊದಲು ವಾಂತಿಯ ಸೂಜಿ ಹಾಕಿದರು, ಮನೆಗೆ ಗುಳಿಗೆ ಕೊಟ್ಟು ಮೂರು ದಿನ ಹೊತ್ತು ಹೊತ್ತಿಗೆ ನುಂಗಿಸಿರಿ ಎಂದರು. ಸಂಜೆ ಹುಡುಗಿ ಚೆನ್ನಾಗಿಯೇ ಇದ್ದಳು. ನಮ್ಮಲ್ಲಿ ಜ್ವರ ಬಂದ ಮೇಲೆ ಜ್ವರದ ಗುಳಿಗೆ. ಬಾರದ ವಾಂತಿಗೆ ಯಾಕೆ ಗುಳಿಗೆ ಎಂದು ಗುರುಬಾಯಿ ಅವುಗಳನ್ನು ಜೋಪಾನವಾಗಿ ಗೋಡೆಯಲ್ಲಿದ್ದ ದೇವರ ಮಾಡದಲ್ಲಿ ಎತ್ತಿಟ್ಟಳು. ನಮಗೆಲ್ಲರಿಗೂ ಅದು ಸರಿಯೆನಿಸಿತು.

ಮರುದಿನ ಶುರುವಾಯಿತು. ಹೋಳಿಗೆ ಹೋಗಿ ಎಷ್ಟೋ ಹೊತ್ತಾಗಿತ್ತು, ಬರೀ ಹಸಿರು ನೀರು ಬರುತ್ತಿತ್ತು. ಆಗ ಗುಳಿಗೆ ನೆನಪಾಗಿ ಕೊಟ್ಟರೆ ಅದೂ ಹೊರಗೆ. ಎರಡು ದಿನ ಅವಳು ಬಕೆಟ್ಟಿನ ಪಕ್ಕದಲ್ಲೇ ಮಲಗಿದಳು. ಅವತ್ತಿನಿಂದ ಶೇಂಗಾ ಹೋಳಿಗೆಯ ಹೆಸರು ಎತ್ತಿದರೂ ಬಾಯಿಗೆ ಓಢಣಿ ಒತ್ತಿಕೊಳ್ಳುತ್ತಿದ್ದಳು.

ಅದಕ್ಕಿಂತ ನನ್ನನ್ನು ಮುರಿದದ್ದು ಬೇರೆ. ಬಂಡಿ ಮುಚ್ಚಿ ಬಂದು ಅವಳ ತಲೆ ಸವರಲು ಹೋದೆ. ಅವಳು ಮುಖ ತಿರುಗಿಸಿ ಓಕರಿಸಿದಳು. ಸ್ವಲ್ಪ ಸುಧಾರಿಸಿಕೊಂಡು ಮೆಲ್ಲಗೆ ಹೇಳಿದಳು: "ಸಿಟ್ಟಾಗಬ್ಯಾಡ ಮುತ್ಯಾ. ನೀ ಒಂಚೂರು ದೂರ ಕೂಡು."

ಸೀಗೆಪುಡಿ ಹಚ್ಚಿ ಮೈ ತಿಕ್ಕಿದೆ, ಸಾಬೂನು ಹಚ್ಚಿದೆ, ಕಡಲೆಹಿಟ್ಟು ಹಚ್ಚಿದೆ. ಕಡಲೆಹಿಟ್ಟು ಹಚ್ಚಿದ ಮೇಲೆ ಗುರುಬಾಯಿ ಮೂಸಿ ನೋಡಿ, "ಈಗ ಪೂರಾ ಭಜಿ ಆದ್ರಿ ನೋಡ್ರಿ" ಎಂದಳು. ಎಷ್ಟೋ ವರ್ಷ ಕುಡಿದ ಎಣ್ಣೆಯನ್ನು ಚರ್ಮ ಒಂದು ಸ್ನಾನಕ್ಕೆ ಬಿಡುತ್ತದೆಯೇ. ನಾನು ಹೊರಗಿನ ಕಟ್ಟೆಗೆ ಹಾಸಿಗೆ ಒಯ್ದೆ.

ದೀಪಾವಳಿ ಹೊತ್ತಿಗೆ ಸಂಬಂಧಿಕರ ಸಾಲು ಹತ್ತಿತು. ನಮ್ಮ ಕಡೆ ಬೇನೆ ಬಿದ್ದವರನ್ನು ನೋಡಲು ಬರಿಗೈಯಲ್ಲಿ ಬರುವುದಿಲ್ಲ. ಡಬ್ಬಿ ತರುತ್ತಾರೆ, ಬೇನೆಯವರು ಅವರ ಎದುರಿಗೇ ಒಂದು ತುತ್ತಾದರೂ ತಿನ್ನಬೇಕು. ಬಂದವರೆಲ್ಲರ ಮೊದಲ ಮಾತು, "ಉಂಡ್ಯಾ ಯವ್ವಾ?" ಎರಡನೆಯ ಮಾತು, "ಉಣ್ಣಲಿಲ್ಲಂದ್ರ ಶಕ್ತಿ ಎಲ್ಲಿಂದ ಬರ್ತದ?" ಭಾಗ್ಯಾ ಮರ್ಯಾದೆಯ ಹುಡುಗಿ. ಹಿರಿಯರ ಮನಸ್ಸು ನೋಯಬಾರದೆಂದು ತುತ್ತು ಇಟ್ಟುಕೊಳ್ಳುವಳು, ಅವರ ಎದುರಿಗೇ ಕಾರುವಳು. ತಾಜಸುಲ್ತಾನಪುರದಲ್ಲಿರುವ ನನ್ನ ತಂಗಿ ನೀಲವ್ವ ಎರಡು ಸಲ ಬಂದು ಎರಡು ಸಲವೂ ಇದನ್ನು ನೋಡಿ, "ಅಣ್ಣಾ, ಇದು ಬ್ಯಾನಿ ಅಲ್ಲ, ಆ ಔಷಧನೇ ಕೂಸಿನ ಹೊಟ್ಟಿ ಸುಡಲಕತ್ತದ. ಬಿಡಸರಿ ಸಾಕು" ಎಂದು ಕಣ್ಣೊರೆಸಿಕೊಂಡಳು.

ಮುಂದಿನ ಸಲೈನಿಗೆ ಹೋದಾಗ ಆಟೋ ದವಾಖಾನೆಯ ರಸ್ತೆಗೆ ತಿರುಗಿದ್ದಷ್ಟೇ, ಇನ್ನೂ ಗೇಟು ಕಂಡಿಲ್ಲ, ಸೂಜಿ ಮುಟ್ಟಿಲ್ಲ, ಭಾಗ್ಯಾ ಕಾರಿಕೊಂಡಳು. ಅವತ್ತು ಹೇಗೋ ಹಾಕಿಸಿಕೊಂಡು ಬಂದೆವು. ಮನೆಗೆ ಬಂದು ಮೂರು ದಿನ ಬಿದ್ದು, ನಾಲ್ಕನೆಯ ದಿನ ಎದ್ದು ಕೂತು, ಎಲ್ಲರೂ ಇರುವಾಗ ಹೇಳಿದಳು: "ನಾ ಇನ್ನ ಹೋಗಂಗಿಲ್ಲ. ಸಾಯೋದೇ ಇದ್ರ ಹಿಂಗ ಬಕೆಟ್ ಹಿಡಕೊಂಡು ಸಾಯಂಗಿಲ್ಲ."

ಶರಣು ಆಟೋದ ಚಾವಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ಸುವರ್ಣಾ ಗೋಡೆ ನೋಡಿದಳು. ನನಗೆ ಸಿಟ್ಟು ಬಂತು. ಹುಡುಗಿಯ ಮೇಲಲ್ಲ. ಗಂಟು ಕರಗುತ್ತಿದೆ ಎಂದು ಡಾಕ್ಟರ್ ಹೇಳುತ್ತಿದ್ದಾರೆ, ರೋಗ ಸೋಲುತ್ತಿದೆ, ಅಂಥದ್ದರಲ್ಲಿ ಈ ವಾಂತಿಗೆ ನಾವು ಸೋಲಬೇಕೇ. ಮರುದಿನ ಮುಂಜಾನೆ ಒಬ್ಬನೇ ಬಸ್ಸು ಹತ್ತಿ ಕಲಬುರಗಿಗೆ ಹೋಗಿ ಡಾಕ್ಟರ್ ಬಾಯಿಯ ಮುಂದೆ ನಿಂತೆ.

"ಹುಡುಗಿ ಬರಲ್ಲ ಅಂತಾಳ್ರಿ. ವಾಂತಿ ತಡಕೊಳ್ಳಾಕ ಆಗವಲ್ದು."

"ನನಗ ಮೊದಲ ಯಾಕ ಹೇಳಲಿಲ್ರಿ?"

"ಕ್ಯಾನ್ಸರಿಗಿ ವಾಂತಿ ಇರೋದೇ ಅನ್ಕೊಂಡೆವ್ರಿ."

"ಇರೋದೇ ಅಂತ ಸುಮ್ಮ ಕೂಡಬಾರದು. ಅದಕ್ಕೂ ಔಷಧ ಅದ. ಒಂದು ನಡೀಲಿಲ್ಲಂದ್ರ ಇನ್ನೊಂದು ಕೊಡ್ತೀನಿ. ಗುಳಿಗಿ ಯಾವಾಗ ನುಂಗಸ್ತೀರಿ?"

ವಾಂತಿ ಶುರುವಾದ ಮೇಲೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ವಾಂತಿ ಬಂದ ಮೇಲೆ ಅದನ್ನು ಹಿಡಿಯುವುದು ಕಷ್ಟ, ಬರುವ ಮೊದಲೇ ಬಾಗಿಲು ಹಾಕಬೇಕು, ಅದಕ್ಕೇ ವಾಂತಿ ಇರಲಿ ಬಿಡಲಿ ಹೊತ್ತಿಗೆ ಸರಿಯಾಗಿ ಕೊಡಿ ಎಂದದ್ದು, ಎಂದು ಬಿಡಿಸಿ ಹೇಳಿದರು. ದವಾಖಾನೆ ನೋಡಿದ ಕೂಡಲೇ ಬರುವ ವಾಂತಿ ಹೊಟ್ಟೆಯದಲ್ಲ, ನೆನಪಿನದು. ಅದಕ್ಕೂ ಹಿಂದಿನ ದಿನ ನುಂಗುವ ಗುಳಿಗೆ ಬರೆದರು. ಸಲೈನಿನ ದಿನ ಇಷ್ಟದ ತಿಂಡಿ ಕೊಡಬೇಡಿ, ಆ ತಿಂಡಿಯ ಮೇಲೇ ಹೇಸಿಗೆ ಹುಟ್ಟುತ್ತದೆ. ಎಣ್ಣೆ, ತುಪ್ಪ, ಬಿಸಿ ಬಿಸಿಯದು ಬೇಡ. ಒಣದು, ತಣ್ಣಗಿನದು, ಒಂದೊಂದೇ ತುತ್ತು. ನೀರು ಗುಟುಕು ಗುಟುಕಾಗಿ. ನೀರೂ ನಿಲ್ಲದೆ ಇಡೀ ದಿನ ಕಳೆದರೆ, ಉಚ್ಚೆ ಕಮ್ಮಿಯಾಗಿ ಬಣ್ಣ ಗಾಢವಾದರೆ, ಮನೆಯಲ್ಲಿ ಇಟ್ಟುಕೊಳ್ಳದೆ ಕರೆದುಕೊಂಡು ಬನ್ನಿ. ಇಷ್ಟು ಹೇಳಿ ಕೇಳಿದರು:

"ನೀವು ಏನ್ ಕೆಲಸ ಮಾಡ್ತೀರಿ ಮುತ್ಯಾ?"

"ಭಜಿ ಕರೀತೀನ್ರಿ."

"ಅನ್ಕೊಂಡೆ. ನೀವು ಮುಂದ ಬಂದು ನಿಂತಾಗಿಂದ ನನಗ ಹಸಿವಿ ಆಗಲಕತ್ತದ. ಆಕಿಗಿ ಏನಾಗ್ತಿರಬೇಕು ನೋಡ್ರಿ."

ಹೋದಾಗ ಭಜಿಯವನಿದ್ದೆ, ಬರುವಾಗ ಅಲ್ಲ. ಬಸ್ಸಿನಲ್ಲೇ ತೀರ್ಮಾನವಾಗಿತ್ತು. ಬಾಣಲೆಯನ್ನು ಬೂದಿಯಲ್ಲಿ ತಿಕ್ಕಿ ಬಂಡಿಯ ಕೆಳಗೆ ಬೋರಲು ಹಾಕಿದೆ. ಎಣ್ಣೆ ಕುಡಿದ ಅಂಗಿ, ಧೋತರ, ರುಮಾಲು, ಎಲ್ಲವನ್ನೂ ಬಾಣಲೆಯ ಮೇಲೇ ಗಂಟು ಕಟ್ಟಿ ಇಟ್ಟೆ. ನಮ್ಮ ಊರಿನ ಕೆಂಪು ಬಾಳೆಹಣ್ಣಿಗೆ ಎಲ್ಲ ಕಡೆ ಹೆಸರಿದೆ. ತೋಟದವರು ಗುರ್ತಿನವರು. ಮರುದಿನದಿಂದ ಅದೇ ಜಾಗದಲ್ಲಿ, ಅದೇ ಬಂಡಿಯ ಮೇಲೆ ಕೆಂಪು ಬಾಳೆಗೊನೆ ಇಟ್ಟುಕೊಂಡು ನಿಂತೆ. ಇಡೀ ನಿಲ್ದಾಣ ನನ್ನ ಮೇಲೆ ಬಿತ್ತು.

"ಏನ್ ಮುತ್ಯಾ, ಭಜಿ ಬಿಟ್ಟು ಸನ್ಯಾಸ ತಗೊಂಡ್ಯೇನು?"

"ಮುತ್ಯಾ, ಒಂದು ಬಾಳೆಹಣ್ಣ ಕರದು ಕೊಡು, ಮಸಾಲಿ ಹಚ್ಚಿ."

"ನಗ್ರಿ," ಎಂದೆ. "ನಕ್ಕು ಒಂದೊಂದು ಡಜನ್ ತಗೊಂಡು ಹೋಗ್ರಿ."

ಕೆಲವು ದಿನ ಕಳೆದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತಿದ್ದೆ. ಭಾಗ್ಯಾ ಬಂದು ಪಕ್ಕದಲ್ಲಿ ಕೂತಳು. ದೂರವಲ್ಲ, ಪಕ್ಕದಲ್ಲೇ. ತಲೆಗೆ ಓಢಣಿ ಬಿಗಿದಿದ್ದಳು, ಕೂದಲು ಅಷ್ಟರಲ್ಲಿ ಹೋಗಿತ್ತು.

"ಬಂಡಿ ಬಂದ್ ಮಾಡಿದ್ಯಂತ?"

"ಮಾಡೀನಿ."

"ನನ್ನ ಸಲುವಾಗಿ ಮಾಡಬಾರದಿತ್ತು ಮುತ್ಯಾ."

"ನಿನ್ನ ಸಲುವಾಗಿ ಯಾಕ ಮಾಡ್ಲಿ? ಆ ಗಂಟಿನ ಮ್ಯಾಲಿನ ಸಿಟ್ಟಿಗಿ ಮಾಡೀನಿ. ನಮ್ಮ ಮನಿಯಾಗ ಕುಂತು ನಮ್ಮನ್ನ ಕುಣಸಲಕತ್ತದ. ನಾ ಒಲಿ ಆರಿಸಿ ಕುಂತೀನಿ, ಈಗ ನೀ ಬರಲ್ಲ ಅಂದ್ರ ಅದರ ಮುಂದ ನನ್ನ ಮಾನ ಹೋಗ್ತದ."

ಅವಳು ನಕ್ಕಳು. ಬಹಳ ದಿನದ ಮೇಲೆ. ಬಾಳೆಹಣ್ಣೊಂದನ್ನು ಅರ್ಧ ಸುಲಿದು, ಒಂದು ಚೂರು ಬಾಯಿಗಿಟ್ಟು, ಅದು ಒಳಗೆ ನಿಲ್ಲುತ್ತದೋ ಇಲ್ಲವೋ ಎಂದು ಸುಮ್ಮನೆ ಕಾದಳು. ನಿಂತಿತು.

"ಬರ್ತೀನಿ," ಎಂದಳು. "ಆದ್ರ ಎಲ್ಲ ನಾ ಹೇಳಿದಂಗ ಆಗಬೇಕು. ಯಾರೂ ನನಗ ಉಂಡ್ಯಾ ಅಂತ ಕೇಳಬಾರದು. ಪಾಪ ಅನ್ನಬಾರದು. ಡಬ್ಬಿ ತಂದವರ ಮುಂದ ನಾ ಕೂಡಂಗಿಲ್ಲ. ಹಸಿದ್ರ ನಾನೇ ಕೇಳ್ತೀನಿ."

ಈ ಕಾನೂನು ಕೇಳಲು ಸಸಾರ, ನಡೆಸಲು ಎಷ್ಟು ಕಷ್ಟವೆಂದು ನಮ್ಮ ಕಡೆಯವರಿಗೇ ಗೊತ್ತು. ಎದುರಿಗೆ ಯಾರು ಸಿಕ್ಕರೂ ನಮ್ಮ ಬಾಯಿಯಿಂದ ಬರುವ ಮೊದಲ ಮಾತೇ ಊಟದ್ದು. ಶರಣು ಸಂಜೆ ಬಾಗಿಲಲ್ಲಿ ಕಾಲಿಟ್ಟು, "ಉಂ..." ಎಂದವನು ಗಕ್ಕನೆ ನಿಂತು, "ಊರಾಗ ಏನ್ ಸುದ್ದಿ?" ಎನ್ನುವನು. ಅವನೇ ಊರು ಸುತ್ತಿ ಬಂದವನು, ಮನೆಯಲ್ಲಿದ್ದವಳನ್ನು ಕೇಳುವನು. ಗುರುಬಾಯಿಯಂತೂ ಮೊಮ್ಮಗಳ ಮುಂದೆ ಬಾಯಿಗೆ ಎಲೆ ಅಡಿಕೆ ತುಂಬಿಕೊಂಡೇ ಓಡಾಡುತ್ತಿದ್ದಳು. ಖಾಲಿ ಇದ್ದರೆ ಮಾತು ಜಾರುತ್ತದೆ ಎಂದು.

ಸಲೈನಿನ ವಾರ ಮನೆಯಲ್ಲಿ ಒಗ್ಗರಣೆ ಬಂದ್. ಬಾಜೂ ಮನೆಯ ರಜಿಯಾಬಿ ತಾವಾಗಿಯೇ ಬಂದು ಗುರುಬಾಯಿಗೆ ಹೇಳಿದರು: "ಭಾಬಿ, ನಿಮ್ಮ ಚುಲ್ಹಾ ನಮ್ಮ ಹಿತ್ತಲದಾಗ ತಂದು ಇಡ್ರಿ. ಗಾಳಿ ಆ ಕಡಿ ಹೋಗ್ತದ. ನಮ್ಮ ಖಿಡ್ಕೀ ಭೀ ಬಂದ್ ಮಾಡೀನಿ. ಬಚ್ಚೀ ಆರಾಮ್ ಆಗ್ಲಿ ಮೊದ್ಲು." ಅಲ್ಲಿ ಮಾಡಿದ ಅಡಿಗೆ ಆರಿದ ಮೇಲೆ ಮನೆಗೆ ಬರುತ್ತಿತ್ತು. ಭಾಗ್ಯಾ ಎದ್ದ ಕೂಡಲೇ ಹಾಸಿಗೆಯಲ್ಲೇ ಒಣ ಕಟಕ ರೊಟ್ಟಿಯ ಚೂರು ಕಡಿಯುವಳು, ಆಮೇಲೆ ಒಂದು ಹಿಡಿ ಮಂಡಾಳು, ಆಮೇಲೆ ತಣ್ಣಗಿನ ನಿಂಬೆ ಶರಬತ್ತು ಒಂದೊಂದು ಗುಟುಕು. ಗುಳಿಗೆಗಳು ದೇವರ ಮಾಡದಿಂದ ಇಳಿದು ಸುವರ್ಣಾಳ ಕೈಗೆ ಬಂದವು. ಗಡಿಯಾರದ ಮುಳ್ಳು ನೋಡಿ ಕೊಡುವಳು, ಹುಡುಗಿ ನಗುತ್ತಿದ್ದರೂ ಕೊಡುವಳು.

ದವಾಖಾನೆಗೆ ಹೋಗುವ ದಾರಿಯನ್ನೂ ಭಾಗ್ಯಾಳೇ ಬದಲಿಸಿದಳು. ನೇರ ರಸ್ತೆ ಕಂಡರೆ ಹೊಟ್ಟೆಗೆ ಗುರ್ತು ಸಿಗುತ್ತದೆ ಎಂದು ನಾವು ಕೋಟೆಯ ಹತ್ತಿರ ಇಳಿದುಬಿಡುತ್ತಿದ್ದೆವು. ಚಳಿಗಾಲದ ಮುಂಜಾನೆ, ಕಂದಕದ ಮೇಲಿಂದ ಬರುವ ತಣ್ಣನೆಯ ಗಾಳಿಗೆ ಮುಖ ಕೊಟ್ಟು ಅರ್ಧ ತಾಸು ಕಲ್ಲಿನ ಮೇಲೆ ಕೂಡುವುದು. ಒಳಗಿನ ದೊಡ್ಡ ಮಸೀದಿಯ ಕಡೆಯಿಂದ ಪಾರಿವಾಳಗಳು ಏಳುತ್ತಿದ್ದವು. ಅವಳು ಕಾಲೇಜಿನ ಜಗಳಗಳನ್ನು ಹೇಳುವಳು, ನಾನು ಲಾರಿಯವರ ಸುಳ್ಳುಗಳನ್ನು ಹೇಳುವೆ. ಸಲೈನಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಹೊಸ ಓಣಿಯಿಂದ ಹಿಂದಿನ ಗೇಟಿಗೆ ಹೋಗಿ, ಹೊಟ್ಟೆಗೆ ಗೊತ್ತಾಗುವ ಮೊದಲೇ ಕುರ್ಚಿಯ ಮೇಲೆ ಕೂತಿರುತ್ತಿದ್ದಳು. ಮೊದಲ ಸಲ ಹಾಗೆ ಕಾರದೆ ಕೂತಾಗ ನನ್ನನ್ನು ನೋಡಿ ಕಣ್ಣು ಹೊಡೆದಳು.

ಎಳ್ಳಮಾವಾಸ್ಯೆ ಸಲೈನಿನ ವಾರದಲ್ಲೇ ಬಂತು. ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ನಾವು ಹೋಗಲಿಲ್ಲವೆಂದು ನೀಲವ್ವ ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಕಡುಬು, ಸೊಪ್ಪು ಕಾಳು ಕೂಡಿಸಿ ಬೇಯಿಸಿದ, ಬೆಳ್ಳುಳ್ಳಿ ಘಮಿಸುವ ಭಜ್ಜಿ ಪಲ್ಯ ಹೊತ್ತು ತಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬುಟ್ಟಿ ರಜಿಯಾಬಿ ಮನಿಯಾಗ ಇಟ್ಟು ಬಾ ತಂಗಿ. ಆಮ್ಯಾಲ ಒಳಗ ಬಾ."

"ಅಣ್ಣಾ, ಹೊಲದ ಪ್ರಸಾದ ಅದ. ಒಂದು ತುತ್ತು ಉಂಡ್ರ ಏನಾಗ್ತದ?"

"ಒಂದು ತುತ್ತೇ ಆಗ್ತದ. ಪ್ರತಿಯೊಬ್ಬರದೂ ಒಂದೊಂದೇ ತುತ್ತು. ಆಕಿ ಎಷ್ಟು ಮಂದಿಯ ತುತ್ತು ಕಾರಬೇಕು?"

"ತವರಿನ ಬಾಗಲದಾಗ ನಿಲ್ಲಸ್ತಿ ನನ್ನ?"

"ನಿನ್ನಲ್ಲ. ಬುಟ್ಟಿ ನಿಲ್ಲಿಸೀನಿ."

ಅವಳು ಬುಟ್ಟಿಯನ್ನೂ ಇಡಲಿಲ್ಲ, ಒಳಗೂ ಬರಲಿಲ್ಲ. ಹಾಗೇ ತಿರುಗಿ ಬಸ್ಸು ಹತ್ತಿದಳು. ಮೊಮ್ಮಗಳ ಹೆಸರಲ್ಲಿ ಮುದುಕನಿಗೆ ಸೊಕ್ಕು ಬಂದಿದೆ ಎಂದು ಅವರ ಊರಿನಲ್ಲಿ ಮಾತಾಯಿತು. ಬಂದಿತ್ತು. ನಾನು ಇಲ್ಲವೆನ್ನಲಿಲ್ಲ.

ಇಷ್ಟೆಲ್ಲ ಮಾಡಿದರೂ ವಾಂತಿ ಪೂರ್ತಿ ಹೋಯಿತೆಂದರೆ ಸುಳ್ಳು. ಕಮ್ಮಿಯಾಯಿತು. ಮೂರು ದಿನದ್ದು ಒಂದು ದಿನಕ್ಕೆ ಬಂತು, ಕೆಲವು ಸಲ ಬರೀ ಹೊಟ್ಟೆ ತೊಳಸಿ ನಿಂತುಬಿಡುತ್ತಿತ್ತು. ಬಂದಾಗ ಭಾಗ್ಯಾ ಬಕೆಟ್ಟಿನ ಮುಂದೆ ಕೂತು ಬಯ್ಯುವಳು: "ಬಂದ್ಯಾ? ಕರೀಲಾರದ ಬೀಗ ಇದ್ದಂಗ ಬರ್ತಿ ನೋಡು. ಮುಗಿಸು ಲಗೂನ, ನನಗ ಓದೋದದ." ಶಿವರಾತ್ರಿಯ ಸುಮಾರಿಗೆ ಒಮ್ಮೆ ಮಾತ್ರ ಮುಂಜಾನೆಯಿಂದ ಗುಟುಕು ನೀರೂ ನಿಲ್ಲಲಿಲ್ಲ, ನಾಲಿಗೆ ಒಣಗಿ ಕಟ್ಟಿಗೆಯಾಯಿತು, ಬಯ್ಯಲು ದನಿಯೂ ಉಳಿಯಲಿಲ್ಲ. ಡಾಕ್ಟರ್ ಹೇಳಿದ ಗುರ್ತುಗಳು ಸುವರ್ಣಾಳಿಗೆ ನೆನಪಿದ್ದವು. ಸಂಜೆಯತನಕ ಕಾಯಲಿಲ್ಲ. ಶರಣುವಿನ ಗೂಡ್ಸ್ ಆಟೋದಲ್ಲೇ ಗಾದಿ ಹಾಸಿ ಕಲಬುರಗಿಗೆ ಒಯ್ದೆವು. ನೀರಿನ ಬಾಟಲಿ ಏರಿಸಿದರು, ವಾಂತಿಯ ಔಷಧ ಬದಲಿಸಿದರು. ಒಂದು ದಿನ ಇಟ್ಟುಕೊಂಡು ಕಳಿಸಿದರು. ಬರುವಾಗ ಶರಣು ಸಣ್ಣ ದನಿಯಲ್ಲಿ, "ಸಾಕೇನವ್ವ?" ಎಂದ. ಅವಳು ಕಣ್ಣು ಮುಚ್ಚಿಕೊಂಡೇ ಉತ್ತರಿಸಿದಳು: "ಇಷ್ಟು ಕಾರೀನಿ, ಪುಗಸಟ್ಟೆ ಬಿಡ್ತೀನೇನು? ಪೂರಾ ಮುಗಿಸೇ ಬಿಡ್ತೀನಿ."

ಮುಗಿಸಿದಳು. ಬಿಸಿಲು ಏರಿ ಹೆಂಚು ಕಾಯುವ ಹೊತ್ತಿಗೆ ಕೊನೆಯ ಬಾಟಲಿ ಇಳಿಯಿತು. ಒಂದನ್ನೂ ಬಿಡಲಿಲ್ಲ. ಆಮೇಲೆ ಸ್ಕ್ಯಾನು, ಆಮೇಲೆ ಕಾಯುವುದು, ಆಮೇಲೆ ಇವತ್ತು.

ಸಂಜೆ ನೀಲವ್ವ ಬಂದಳು. ಶರಣು ಫೋನು ಮಾಡಿದ್ದನಂತೆ. ಹೊಸ್ತಿಲ ಹೊರಗೇ ನಿಂತು, "ಒಳಗ ಬರ್ಲೇನು, ಇಲ್ಲ ಇನ್ನಾ ಪೊಲೀಸ್ ಪಹರೆ ಅದನೋ?" ಎಂದಳು. ಭಾಗ್ಯಾ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದಳು. ಅವಳ ತಲೆಯ ಮೇಲೆ ಮೊಳೆತಿದ್ದ ಮೋಟು ಕೂದಲನ್ನು ನೀಲವ್ವ ಎರಡೂ ಕೈಯಿಂದ ಸವರಿ ಸವರಿ ಅತ್ತಳು. ನನ್ನ ಕಡೆ ನೋಡಲಿಲ್ಲ. ಆದರೆ ಸೀರೆ ಸಿಕ್ಕಿಸಿ ಗುರುಬಾಯಿಯ ಜೊತೆ ರೊಟ್ಟಿ ಬಡಿಯಲು ಕೂತಳು.

ಒಲೆ ನಮ್ಮ ಮನೆಯಲ್ಲೇ ಉರಿಯಿತು. ಬದನೆಕಾಯಿ ಎಣ್ಣೆಗಾಯಿ, ಖಾರ ಬೇಳೆ, ಬಿಸಿ ರೊಟ್ಟಿ. ಎಲ್ಲರೂ ನಡುಮನೆಯಲ್ಲಿ ಒಂದೇ ಸಾಲಾಗಿ ಕೂತೆವು. ನಾನು, ಪಕ್ಕದಲ್ಲಿ ಭಾಗ್ಯಾ, ಆಮೇಲೆ ಶರಣು, ಸುವರ್ಣಾ, ಗುರುಬಾಯಿ. ನೀಲವ್ವ ಬಡಿಸಿ, ತಾನೂ ತಾಟು ಹಿಡಿದು ಎದುರಿಗೆ ಕೂತಳು. ಭಾಗ್ಯಾ ಎರಡು ರೊಟ್ಟಿ ತಿಂದು, ಮೂರನೆಯದನ್ನು ಕೇಳಿ ಹಾಕಿಸಿಕೊಂಡು, ಅರ್ಧ ಮುರಿದು ತಿಂದು, ಉಳಿದರ್ಧ ತಾಟಿನಲ್ಲಿ ಬಿಟ್ಟು ಮೊಬೈಲು ತೆಗೆದಳು.

"ಏ, ಇದೇನಿದು?" ಎಂದೆ. "ಹಾಕಿಸಿಕೊಂಡು ಬಿಡೋದು ಯಾರ ಮನಿಯಾಗ ಕಲ್ತಿ? ಯಾರ ತಿನ್ನಬೇಕು ಇದನ್ನ?"

ಎಲ್ಲರ ಕೈಯೂ ನಿಂತಿತು. ಊಟದ ವಿಷಯಕ್ಕೆ ಆ ಹುಡುಗಿಯನ್ನು ಯಾರಾದರೂ ಗದರಿಸಿ ಎಷ್ಟು ಕಾಲವಾಗಿತ್ತು. ಗುರುಬಾಯಿ ಹೆದರಿ ನನ್ನನ್ನು ನೋಡಿದಳು. ಭಾಗ್ಯಾ ಮಾತ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಹೊಟ್ಟಿ ತುಂಬ್ತು ಮುತ್ಯಾ, ಬಿಟ್ಟೆ. ಅದಕ್ಕೂ ಪಂಚಾಯ್ತಿ ಕೂಡಸ್ತಿಯೇನು?"

ಹೊಟ್ಟೆ ತುಂಬಿ ಬಿಟ್ಟಿದ್ದಳು. ನಾನು ಆ ಅರ್ಧ ರೊಟ್ಟಿಯನ್ನು ಅವಳ ತಾಟಿನಿಂದಲೇ ಎತ್ತಿಕೊಂಡು, ಅವಳು ಉಳಿಸಿದ ಎಣ್ಣೆಗಾಯಿಯ ಮಸಾಲೆಯಲ್ಲಿ ಒರೆಸಿ ಬಾಯಿಗಿಟ್ಟೆ. ನೀಲವ್ವ ಇವತ್ತು ಮೊದಲ ಸಲ ನನ್ನ ಮುಖ ನೋಡಿದಳು.

"ಇನ್ನೊಂದು ಹಾಕ್ಲೇನಣ್ಣ?"

ಹಾಕು ಎಂದೆ.